ಅರ್ಧ ಪೆಟ್ರೋಲ್, ಅರ್ಧ ಕರೆಂಟು: ಹರಿಹರದ ಲೇತಿನಿಂದ ಪಿ.ಬಿ. ರೋಡಿನ ಗ್ಯಾರೇಜಿಗೆ

(1)

ಮೊದಲನೇ ಫೋಟೋದಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರ್ ಕಾಣ್ತಿದೆಯಲ್ವಾ? ಯಾವ ಕಾರಿನಲ್ಲಾದ್ರೂ ಅದು ಕಂಡ್ರೆ ಮುಟ್ಟೋಕೆ ಹೋಗ್ಬೇಡಿ. ಹೋದ ತಿಂಗಳು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ ನಾನು ಕೈ ಚಾಚಿದ್ದೆ. ಮೇಸ್ತ್ರಿ ಕೈ ಮೇಲೆ ಪಟ್ ಅಂತ ಹೊಡೆದು, "ಏಯ್, ಅದು ಬೈಕ್ ಬ್ಯಾಟರಿ ಅಲ್ಲ ಕಣಪ್ಪಾ" ಅಂದ್ರು.

ಕಥೆ ಇಷ್ಟು. ನಮ್ಮ ಚಿಕ್ಕಪ್ಪ ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರ್ ಒಂದು ನೋಡಿದ್ರು. ಮೂರು ವರ್ಷ ಹಳೇದು. ಅಡ್ವಾನ್ಸ್ ಕೊಟ್ಟಾಗಿತ್ತು, ಮಿಕ್ಕ ದುಡ್ಡು ಸೊಸೈಟಿ ಸಾಲ. ಓನರ್ ಎರಡು ದಿನಕ್ಕೆ ಗಾಡಿ ಕೊಟ್ಟು "ಎಲ್ಲಿ ಬೇಕಾದ್ರೂ ತೋರಿಸ್ಕೊಳ್ಳಿ" ಅಂದಿದ್ರು. ಚಿಕ್ಕಪ್ಪ ತಮ್ಮ ಹಳೇ ಮೇಸ್ತ್ರಿ ಹತ್ರ ತಂದ್ರು. ಮೇಸ್ತ್ರಿ ಸಸ್ಪೆನ್ಷನ್ ನೋಡಿದ್ರು, ಅಡಿಗೆ ಇಳಿದು ಸೀಲ್ ನೋಡಿದ್ರು, ಆಯಿಲ್ ಮೂಸಿದ್ರು. ಕೊನೆಗೆ, "ಇಂಜಿನ್ ಚೆನ್ನಾಗಿದೆ ಅಂತ ಬರೆದು ಕೊಡ್ತೀನಿ. ಬ್ಯಾಟರಿ ವಿಷ್ಯ ನಂಗೊತ್ತಿಲ್ಲ, ಸುಳ್ಳು ಹೇಳಲ್ಲ. ಹರಿಹರದಲ್ಲಿ ಒಬ್ಬ ಹುಡುಗ ಇದಾನೆ, ಅಲ್ಲಿಗೆ ಹೋಗಿ" ಅಂದ್ರು.

ದಾವಣಗೆರೆಯವರು ಮಷೀನ್ ವಿಷ್ಯಕ್ಕೆ ಹರಿಹರದ ಕಡೆ ಕೈ ತೋರಿಸೋದು ಹೊಸದಲ್ಲ. ಅದಕ್ಕೇ ಈ ಸೀರೀಸ್.

(2)

ಎರಡನೇ ಫೋಟೋ ಹರಿಹರೇಶ್ವರ ದೇವಸ್ಥಾನ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಮೂರ್ತಿ ಅರ್ಧ ಹರಿ, ಅರ್ಧ ಹರ. ಕಾರಿನ ಡಿಕ್ಕಿ ಮೇಲೆ 'ಹೈಬ್ರಿಡ್' ಅಂತ ಬರೆದಿರೋದನ್ನ ಚಿಕ್ಕಪ್ಪ ಅಜ್ಜಿಗೆ ಅರ್ಥ ಮಾಡಿಸಿದ್ದು ಹೀಗೇ: "ನಮ್ಮೂರ ದೇವ್ರಿದ್ದಂಗೆ ಅವ್ವ, ಅರ್ಧ ಪೆಟ್ರೋಲು, ಅರ್ಧ ಕರೆಂಟು." ಅಜ್ಜಿ, "ಹಂಗಾದ್ರೆ ಎರಡು ಪೂಜೆ ಮಾಡಿಸು" ಅಂದ್ರು.

ಈಗ ಯಂತ್ರಾಪುರಕ್ಕೆ ಬನ್ನಿ. ಊರಿನ ಒಂದು ಭಾಗಕ್ಕೆ ಯಂತ್ರದ ಹೆಸರೇ ಬಿದ್ದಿದೆ ನೋಡಿ. 1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯ್ತು. ಎರಡನೇ ಮಹಾಯುದ್ಧದ ಕಾಲ, ವಿದೇಶದಿಂದ ಮಷೀನ್ ಬರೋದು ಕಷ್ಟವಾಗಿತ್ತು. ಲೇತ್ ಇಲ್ಲೇ ಮಾಡಬೇಕಾಯ್ತು. ಆಗ ತುಂಗಭದ್ರೆಯ ಈ ದಡ ಮೈಸೂರು ಸಂಸ್ಥಾನ, ಆ ದಡ ಬ್ರಿಟಿಷರ ಮುಂಬೈ ಪ್ರಾಂತ್ಯ. ರೈಲು ಇತ್ತು, ಪುಣೆ-ಬೆಂಗಳೂರು ರಸ್ತೆ ಇತ್ತು, ಹೊಳೆ ನೀರಿತ್ತು.

ಕಿರ್ಲೋಸ್ಕರ್ ಮನೆತನದ ಶುರು ಇನ್ನೂ ಮಜಾ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಹಾಕಿದ್ದು ಸೈಕಲ್ ಅಂಗಡಿ! ಅಲ್ಲಿಂದ ಮೇವು ಕತ್ತರಿಸೋ ಯಂತ್ರ, ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಈ ಸೈಕಲ್ ಅಂಗಡಿ ನೆನಪಲ್ಲಿಟ್ಕೊಳ್ಳಿ, ನಾಲ್ಕನೇ ಭಾಗದಲ್ಲಿ ಬೇಕಾಗುತ್ತೆ.

ಹರಿಹರದಿಂದ ಹೋದ 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಲೇತ್‌ಗಳು ದೇಶದ ಎಷ್ಟೋ ಐಟಿಐ, ಪಾಲಿಟೆಕ್ನಿಕ್ ವರ್ಕ್‌ಶಾಪ್‌ಗಳಲ್ಲಿ ಇದ್ವು, ಈಗಲೂ ಇವೆ. ನಿಮ್ಮ ಕಾಲೇಜಿನ ವರ್ಕ್‌ಶಾಪಲ್ಲಿ ಹಸಿರು ಬಣ್ಣ ಸಿಪ್ಪೆ ಸುಲಿದ ಹಳೇ ಲೇತ್ ಇದ್ರೆ ಅದರ ಹಣೆ ಮೇಲಿನ ಹೆಸರು ಓದಿ.

ನಮ್ಮಜ್ಜ ಅಲ್ಲಿ ಟರ್ನರ್ ಆಗಿದ್ರು. ಸೈರನ್ ಕೇಳಿ ಮನೆಯಲ್ಲಿ ಗಡಿಯಾರ ಸರಿ ಮಾಡ್ತಿದ್ರಂತೆ. ಈ ಶತಮಾನದ ಶುರುವಲ್ಲಿ ಕಾರ್ಖಾನೆ ಬಾಗಿಲು ಹಾಕ್ತು. ಅಜ್ಜ ಆಗ ರಿಟೈರ್ ಆಗಿದ್ರು, ಆದ್ರೆ ಅವರ ಜೊತೆ ಕೆಲಸ ಕಲಿತ ಚಿಕ್ಕ ವಯಸ್ಸಿನವರು ಏನ್ ಮಾಡ್ಬೇಕು? ನಮ್ಮ ಓಣಿಯ ಇಬ್ಬರು ಬೇರೆ ಊರಿಗೆ ಹೋದ್ರು. ಒಬ್ಬರು ಮನೆ ಮುಂದಿನ ಶೆಡ್ಡಲ್ಲೇ ಸಣ್ಣ ಲೇತ್ ಹಾಕಿ ಗ್ಯಾರೇಜುಗಳ ಕೆಲಸ ಹಿಡಿದ್ರು. ಬ್ರೇಕ್ ಡ್ರಮ್ ಟರ್ನಿಂಗ್, ಹೆಡ್ ಫೇಸಿಂಗ್, ಬುಶ್ ಮಾಡಿ ಕೂರಿಸೋದು. ಹಳೇ ಕಾಲದ ಗ್ಯಾರೇಜ್ ಬೆನ್ನ ಹಿಂದೆ ಯಾವಾಗಲೂ ಒಂದು ಲೇತ್ ಇರ್ತಿತ್ತು. ಪಾರ್ಟ್ ಸಿಗಲಿಲ್ಲ ಅಂದ್ರೆ ಮಾಡಿಸೋದು, ಅಷ್ಟೇ.

(3)

ಈ ಭಾಗ ಚಿಕ್ಕದು. "ಹೈಬ್ರಿಡ್ ಬಂತು, ಇನ್ನು ಸಣ್ಣ ಗ್ಯಾರೇಜುಗಳ ಕಥೆ ಮುಗೀತು" ಅನ್ನೋರಿಗೆ.

ಈ ಮಾತು ಮೊದಲೂ ಬಂದಿತ್ತು. ಅಂಬಾಸಿಡರ್, ಫಿಯೆಟ್ ಕಾಲದಲ್ಲಿ ಮೇಸ್ತ್ರಿ ಸ್ಕ್ರೂಡ್ರೈವರ್ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟು ಕಾಯಿಲೆ ಹೇಳ್ತಿದ್ರು. 2000ದ ಹೊತ್ತಿಗೆ ಹೊಗೆ ನಿಯಮ ಬಿಗಿಯಾಗಿ ಕಾರ್ಬೊರೇಟರ್ ಹೋಗಿ ಎಂಪಿಎಫ್‌ಐ ಬಂತು. ಕಂಪ್ಯೂಟರ್ ಬಂದ್ಮೇಲೆ ಕಂಪನಿಯವರೇ ಗತಿ ಅಂದ್ರು. 2013ರಿಂದ ಹೊಸ ಕಾರುಗಳಲ್ಲಿ ಓಬಿಡಿ-2 ಕಡ್ಡಾಯವಾಯ್ತು, ಅಂದ್ರೆ ಸ್ಟೇರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚೋ ಕಿಂಡಿ. ಈಗ ಪಿ.ಬಿ. ರೋಡಲ್ಲಿ ಚಾ ಕುಡಿಯೋ ಟೇಬಲ್ ಮೇಲೇ ಸ್ಕ್ಯಾನರ್ ಬಿದ್ದಿರುತ್ತೆ.

ಆದ್ರೆ ಒಂದು ನಿಜ. ಕಾರ್ಬೊರೇಟರಲ್ಲಿ ತಪ್ಪು ಮಾಡಿದ್ರೆ ಗಾಡಿ ಎಳೀತಿರಲಿಲ್ಲ. ಹೈಬ್ರಿಡ್ಡಲ್ಲಿ ತಪ್ಪು ಮಾಡಿದ್ರೆ ಜೀವ ಹೋಗಬಹುದು. ಈ ವ್ಯತ್ಯಾಸ ಮುಚ್ಚಿಟ್ಟು ಗ್ಯಾರೇಜುಗಳ ಪರ ಮಾತಾಡೋದು ಸರಿಯಲ್ಲ.

(4)

1997. ಆಗಸ್ಟ್ 15ಕ್ಕೆ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆ ಆಯ್ತು. ಅದೇ ವರ್ಷ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಹುಟ್ಟಿ ಬಿಡದಿಗೆ ಬಂತು. ಡಿಸೆಂಬರಲ್ಲಿ ಜಪಾನಿನಲ್ಲಿ ಟೊಯೋಟಾ 'ಪ್ರಿಯಸ್' ಮಾರಾಟಕ್ಕೆ ಬಂತು, ದೊಡ್ಡ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು. ಒಂದಕ್ಕೊಂದು ಸಂಬಂಧ ಇಲ್ಲ, ಆದ್ರೂ ನಂಗೆ ಈ ವರ್ಷ ಇಷ್ಟ.

ಐಡಿಯಾ ಜಪಾನಿನದೇ ಅಂದ್ಕೊಬೇಡಿ. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಪೆಟ್ರೋಲ್ ಇಂಜಿನ್ನಿಂದ ಕರೆಂಟ್ ಹುಟ್ಟಿಸಿ ಚಕ್ರದ ಮೋಟಾರ್ ತಿರುಗಿಸೋ ಗಾಡಿ ಮಾಡಿದ್ದ. ನಮ್ಮ ಸ್ಟೇಷನ್ನಲ್ಲಿ ನೋಡಿದ ಡೀಸೆಲ್ ರೈಲು ಇಂಜಿನ್ ಸಹ ಹೆಚ್ಚುಕಡಿಮೆ ಹಾಗೇ: ಡೀಸೆಲ್ ಸುಟ್ಟು ಕರೆಂಟ್, ಕರೆಂಟಿನಿಂದ ಚಕ್ರ. ಪ್ರಿಯಸ್ ಮಾಡಿದ ಹೊಸತು ಅಂದ್ರೆ ಬ್ರೇಕ್ ಹಿಡಿದಾಗ ಹಾಳಾಗೋ ಶಕ್ತಿಯನ್ನ ಬ್ಯಾಟರಿಗೆ ತುಂಬಿ, ಇಂಜಿನ್ನೂ ಮೋಟಾರೂ ಯಾವಾಗ ಎಷ್ಟು ಎಳೀಬೇಕು ಅಂತ ಕಂಪ್ಯೂಟರ್ ಕೈಗೆ ಕೊಟ್ಟಿದ್ದು.

ನಮ್ಮ ದೇಶಕ್ಕೆ 2008ರಲ್ಲಿ ಹೊಂಡಾ ಸಿವಿಕ್ ಹೈಬ್ರಿಡ್ ಬಂತು, 2010ರಲ್ಲಿ ಪ್ರಿಯಸ್. ಎರಡೂ ದುಬಾರಿ. 2013ರಲ್ಲಿ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಿಸೋಕೆ ಶುರು ಮಾಡಿದ್ರು. 2015ರಲ್ಲಿ ಮಾರುತಿ ಸಿಯಾಜ್ 'ಎಸ್‌ಎಚ್‌ವಿಎಸ್' ಬಂತು. ಅದು ಮೈಲ್ಡ್, ಕಿತ್ತಳೆ ವೈರ್ ಇಲ್ಲ, ಯಾವ ಗ್ಯಾರೇಜಿನವರೂ ಹೆದರಬೇಕಿಲ್ಲ. 2017ರ ಜಿಎಸ್‌ಟಿಯಲ್ಲಿ ದೊಡ್ಡ ಹೈಬ್ರಿಡ್‌ಗಳಿಗೆ ಸೆಸ್ ಸೇರಿ 43% ತೆರಿಗೆ ಬಿತ್ತು, ಕಂಪನಿಗಳು ತಣ್ಣಗಾದ್ವು. ನಮ್ಮಂಥವರ ಓಣಿಗೆ ಸ್ಟ್ರಾಂಗ್ ಹೈಬ್ರಿಡ್ ಬಂದಿದ್ದು 2022ರಲ್ಲಿ: ಹೊಂಡಾ ಸಿಟಿ, ಬಿಡದಿಯಲ್ಲಿ ತಯಾರಾದ ಹೈರೈಡರ್, ಅದೇ ಕಾರ್ಖಾನೆಯಲ್ಲಿ ತಯಾರಾದ ಮಾರುತಿ ಗ್ರ್ಯಾಂಡ್ ವಿಟಾರಾ. ನವೆಂಬರಲ್ಲಿ ಇನೋವಾ ಹೈಕ್ರಾಸ್ ತೋರಿಸಿದ್ರು. ಅದಾಗಿ ಕೆಲವೇ ದಿನಕ್ಕೆ, ನವೆಂಬರ್ 29ಕ್ಕೆ, ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡ್ರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದ ಲಕ್ಷ್ಮಣರಾಯರ ಮರಿಮಗ.

ಈಗ ಅರ್ಥ ಆಯ್ತಾ? ಹರಿಹರಕ್ಕೆ ಲೇತ್ ತಂದ ಮನೆತನವೇ ಬಿಡದಿಗೆ ಹೈಬ್ರಿಡ್ ತಂದಿದ್ದು. ಲೇತ್ ಬಂದಾಗ ಅದರ ಜೊತೆ ಕೆಲಸವೂ ನಮ್ಮೂರಿಗೆ ಬಂತು. ಹೈಬ್ರಿಡ್ ಬಂದಾಗ ಗಾಡಿ ಮಾತ್ರ ಬಂತು.

(5)

ಹರಿಹರದ 'ಹುಡುಗ'ನಿಗೆ ಮೂವತ್ತೈದು ವರ್ಷ. ಹಿಂದೆ ಒಂದು ಕಂಪನಿ ಸರ್ವಿಸ್ ಸೆಂಟರಲ್ಲಿದ್ದವರು, ಈಗ ಸ್ವಂತ ಶೆಡ್ಡು. ಕೈಯಿಂದ ವಾಚು, ಉಂಗುರ ಬಿಚ್ಚಿಟ್ಟರು. ನಂಗೆ ಕೊರಳ ಚೈನ್ ತೆಗೆ ಅಂದ್ರು. ಗೋಡೆಗೆ ನೇತು ಹಾಕಿದ್ದ ದಪ್ಪ ರಬ್ಬರ್ ಗ್ಲೌಸ್ ತಗೊಂಡು, ಬಾಯಿ ಮಡಚಿ ಒತ್ತಿ, ಎಲ್ಲಾದ್ರೂ ಗಾಳಿ ಸೋರುತ್ತಾ ನೋಡಿದ್ರು. ಸಾವಿರ ವೋಲ್ಟ್ ತಡೆಯೋ ಗ್ಲೌಸು, ಸೂಜಿ ಮೊನೆಯಷ್ಟು ತೂತಿದ್ರೂ ಕೆಲಸಕ್ಕೆ ಬರಲ್ಲ.

ಅವರು ಮಾಡಿದ್ದು, ಹೇಳಿದ್ದು ಬರೀತೀನಿ. ನಿಮ್ಮ ಮನೆಗೂ ಬೇಕಾಗಬಹುದು.

ಡ್ಯಾಶ್‌ಬೋರ್ಡಲ್ಲಿ 'ರೆಡಿ' ದೀಪ ಇದ್ರೆ ಗಾಡಿ ಆನ್ ಇದೆ ಅಂತ ಲೆಕ್ಕ, ಸದ್ದಿಲ್ಲದಿದ್ರೂ. ಬಾನೆಟ್ ಒಳಗೆ ಕೈ ಇಟ್ಟಾಗ ಇಂಜಿನ್ ತಾನಾಗೇ ಎದ್ದುಬಿಡಬಹುದು. ಕೀಯನ್ನ ದೂರದ ಡಬ್ಬದಲ್ಲಿ ಹಾಕಿದ್ರು. ಹೈ ವೋಲ್ಟೇಜ್ ಕೆಲಸ ಇದ್ರೆ ಸರ್ವಿಸ್ ಪ್ಲಗ್ ಕಿತ್ತು ಹತ್ತು ನಿಮಿಷ ಕಾಯಬೇಕು, ಇನ್ವರ್ಟರ್ ಕೆಪಾಸಿಟರಲ್ಲಿ ಉಳಿದ ಚಾರ್ಜ್ ಇಳಿಯೋವರೆಗೆ. ಆಮೇಲೂ ಮೀಟರ್ ಹಿಡಿದು ಸೊನ್ನೆ ನೋಡದೆ ಮುಟ್ಟಬಾರದು. ಅವತ್ತು ಅದರ ಅಗತ್ಯ ಬೀಳಲಿಲ್ಲ.

ಸ್ಕ್ಯಾನರ್ ಹಾಕಿ ಬ್ಯಾಟರಿ ಒಳಗಿನ ಸೆಲ್ ಗುಂಪುಗಳ ವೋಲ್ಟೇಜ್ ತೋರಿಸಿದ್ರು. ಅಂಕಿ ದೊಡ್ಡದಿದೆಯಾ ಅನ್ನೋದಕ್ಕಿಂತ ಒಂದಕ್ಕೊಂದು ಹತ್ತಿರ ಇದೆಯಾ ಅನ್ನೋದು ಮುಖ್ಯ. ಒಂದು ಗುಂಪು ಮಾತ್ರ ಹಿಂದೆ ಬಿದ್ದಿದ್ರೆ ಹುಷಾರು. ಇದರಲ್ಲಿ ಎಲ್ಲಾ ಹತ್ತಿರ ಇದ್ವು, ಆದ್ರೆ ಬ್ಯಾಟರಿ ಬಿಸಿ ಸ್ವಲ್ಪ ಜಾಸ್ತಿ. ಚಿಕ್ಕಪ್ಪನ ಮುಖ ಬಾಡ್ತು. ಮೆಕ್ಯಾನಿಕ್ ಹಿಂದಿನ ಸೀಟಿನ ಹತ್ತಿರ ಇರೋ ಗಾಳಿಕಿಂಡಿಯ ಜಾಲರಿ ಬಿಚ್ಚಿದ್ರು. ಒಳಗಿನ ಫಿಲ್ಟರ್ ತುಂಬ ನಾಯಿ ಕೂದಲು, ಧೂಳು! ಬ್ಯಾಟರಿ ತಣ್ಣಗಿಡೋ ಫ್ಯಾನು ಉಸಿರಾಡೋಕೇ ಆಗದೆ ಒದ್ದಾಡ್ತಿತ್ತು. ಕ್ಲೀನ್ ಮಾಡಿ ಓಡಿಸಿದ್ಮೇಲೆ ಬಿಸಿ ಇಳೀತು. ಮಂಡಕ್ಕಿ ಭಟ್ಟಿ ಕಡೆ ಮನೆ ಇರೋರು ಆಗಾಗ ನೋಡ್ಕೊಳ್ಳಿ ಅಂದ್ರು.

ಬ್ರೇಕ್ ಪ್ಯಾಡ್ ಹೊಸದರಂತಿತ್ತು, ಏಕೆಂದ್ರೆ ಅರ್ಧ ಬ್ರೇಕ್ ಕೆಲಸ ಮೋಟಾರೇ ಮಾಡುತ್ತೆ. ಕೆಲಸ ಕಮ್ಮಿ ಅಂತ ಡಿಸ್ಕ್ ತುಕ್ಕು ಹಿಡಿದು ಕ್ಯಾಲಿಪರ್ ಪಿನ್ ಕಚ್ಚಿಕೊಳ್ಳೋದು ಹೈಬ್ರಿಡ್ಡಿನ ಕಾಯಿಲೆ. ಸೆಲ್ಫ್ ಮೋಟಾರ್, ಆಲ್ಟರ್ನೇಟರ್ ಎರಡೂ ಇಲ್ಲ. ಆದ್ರೆ ಹಳೇ 12 ವೋಲ್ಟ್ ಬ್ಯಾಟರಿ ಇದೆ, ಅದು ಸತ್ತರೆ ಇಡೀ ಗಾಡಿ ಮೂಕ. ಎಸಿ ವಿಷ್ಯ ಎಲ್ಲಕ್ಕಿಂತ ಮುಖ್ಯ: ಇದರ ಕಂಪ್ರೆಸರ್ ಹೈ ವೋಲ್ಟೇಜಲ್ಲಿ ಓಡುತ್ತೆ, ಅದಕ್ಕೆ ಬೇರೆ ಜಾತಿಯ ಆಯಿಲ್. ಸಾಮಾನ್ಯ ಎಸಿ ಆಯಿಲ್ ಬೆರೆತರೆ ಕರೆಂಟ್ ಸೋರುತ್ತೆ, ಕಂಪ್ರೆಸರ್ ಹೋಗುತ್ತೆ. ಗ್ಯಾಸ್ ತುಂಬಿಸೋ ಮುಂಚೆ ಕೇಳಿ.

ಇನ್ನೊಂದು ತಮಾಷೆ. ಹೊಗೆ ತಪಾಸಣೆಗೆ ಹೋದ್ರೆ ಗಾಡಿ ನಿಂತ ತಕ್ಷಣ ಇಂಜಿನ್ ಆಫ್, ಪೈಪಲ್ಲಿ ಹೊಗೆಯೇ ಇಲ್ಲ! ಇಂಜಿನ್ ಓಡ್ತಾನೇ ಇರೋಕೆ ಮೇಂಟೆನೆನ್ಸ್ ಮೋಡಿಗೆ ಹಾಕಬೇಕು.

(6)

ಗಾಡಿ ತಗೊಂಡ್ರು. ಜಗಳ ಶುರುವಾಗಿದ್ದು ಆಮೇಲೆ. ಒಂದು ಶೋರೂಮಿಗೆ ಫೋನ್ ಮಾಡಿದ್ರೆ, "ಹೊರಗಡೆ ಆಯಿಲ್ ಬದಲಾಯಿಸಿದ್ರೂ ಬ್ಯಾಟರಿ ವಾರಂಟಿ ಹೋಗುತ್ತೆ ಸರ್" ಅಂದ್ರು. ಈಗಿನ ಹೈಬ್ರಿಡ್ ಬ್ಯಾಟರಿಗೆ ಎಷ್ಟೋ ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡ್ತವೆ. ಅದು ಹೋದ್ರೆ ಸೊಸೈಟಿ ಸಾಲದ ಮೇಲೆ ಇನ್ನೊಂದು ಸಾಲ. ಚಿಕ್ಕಪ್ಪ ರಾತ್ರಿ ನಿದ್ದೆ ಮಾಡಲಿಲ್ಲ.

ಇದೇ ಜಗಳ ದೇಶದ ಮಟ್ಟದಲ್ಲಿ ನಡೆದಿದೆ. 2011ರಲ್ಲಿ ಒಬ್ಬ ಗ್ರಾಹಕ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ರು: ಕಾರ್ ಕಂಪನಿಗಳು ಒರಿಜಿನಲ್ ಪಾರ್ಟ್, ರಿಪೇರಿ ಮಾಹಿತಿ, ಸ್ಕ್ಯಾನರ್ ಸಾಫ್ಟ್‌ವೇರ್ ಯಾವುದನ್ನೂ ಹೊರಗಿನ ಗ್ಯಾರೇಜಿಗೆ ಕೊಡಲ್ಲ ಅಂತ. 2014ರ ಆಗಸ್ಟ್ 25ಕ್ಕೆ ತೀರ್ಪು ಬಂತು. 14 ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ. ಮಾರುತಿ, ಟಾಟಾ, ಮಹೀಂದ್ರ, ಹೊಂಡಾ, ಟೊಯೋಟಾ ಎಲ್ಲಾ ಪಟ್ಟಿಯಲ್ಲಿದ್ವು. ದಂಡಕ್ಕಿಂತ ದೊಡ್ಡದು ಆದೇಶ: ಪಾರ್ಟ್ ಮತ್ತು ಸ್ಕ್ಯಾನಿಂಗ್ ಉಪಕರಣ ಹೊರಗಿನವರಿಗೂ ಸಿಗಬೇಕು. ಹೊರಗೆ ಸರ್ವಿಸ್ ಮಾಡಿಸಿದ್ರು ಅನ್ನೋ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡೋ ಷರತ್ತು ಹಾಕಬಾರದು. ಆ ರಿಪೇರಿಯಿಂದಲೇ ಹಾಳಾದ ಭಾಗಕ್ಕೆ ಮಾತ್ರ ಇಲ್ಲ ಅನ್ನಬಹುದು. ಆಮೇಲೆ ಅಪೀಲು, ಹೈಕೋರ್ಟು ಅಂತ ವರ್ಷಗಟ್ಟಲೆ ಎಳೀತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡ್ತು, ಅದರಲ್ಲಿ ವಾಹನಗಳೂ ಇವೆ.

ಚಿಕ್ಕಪ್ಪ ಮಾರನೇ ದಿನ ಅದೇ ಶೋರೂಮಿಗೆ, "ನೀವು ಹೇಳಿದ್ದನ್ನ ಮೇಲ್ ಮಾಡಿ" ಅಂದ್ರು. ಇವತ್ತಿನವರೆಗೆ ಮೇಲ್ ಬಂದಿಲ್ಲ. ಆದ್ರೂ ಅವರು ಒಂದು ದಾರಿ ಹಿಡಿದಿದ್ದಾರೆ, ನಂಗೂ ಅದೇ ಸರಿ ಅನ್ಸುತ್ತೆ: ಹೈ ವೋಲ್ಟೇಜ್ ಬ್ಯಾಟರಿ, ಇನ್ವರ್ಟರ್ ವಾರಂಟಿ ಮುಗಿಯೋವರೆಗೆ ಕಂಪನಿಗೆ. ಆಯಿಲ್, ಬ್ರೇಕ್, ಫಿಲ್ಟರ್ ಹರಿಹರಕ್ಕೆ, ಪ್ರತಿ ಸಲ ಕಿಲೋಮೀಟರ್ ಬರೆಸಿ ಪಕ್ಕಾ ಬಿಲ್. ದಾವಣಗೆರೆಯ ಹಳೇ ಮೇಸ್ತ್ರಿಗೆ ಸಸ್ಪೆನ್ಷನ್ ಕೆಲಸ, ಇಲ್ಲಾಂದ್ರೆ ಅವರು ಮಾತು ಬಿಡ್ತಾರೆ.

ಆ ಮೇಸ್ತ್ರಿ ಹೋದ ಭಾನುವಾರ ತಮ್ಮ ಶಿಷ್ಯ ಹುಡುಗನ್ನ ಹರಿಹರದ ಶೆಡ್ಡಿಗೆ ಕಳಿಸಿದ್ರು, ನೋಡಿ ಕಲಿಯೋಕೆ. ಹತ್ತೊಂಬತ್ತು ವರ್ಷ, ಐಟಿಐ ಮುಗಿಸಿದ್ದಾನೆ. ಕೊನೇ ಫೋಟೋ ಅವನದೇ ಕೈ, ಗ್ಲೌಸ್ ಎರಡು ಸೈಜ್ ದೊಡ್ಡದು. ಮುಖ ಹಾಕಬೇಡ ಅಂದ, ಹಾಕಿಲ್ಲ.

ಮುಂದಿನ ಸೀರೀಸ್ ಯಂತ್ರಾಪುರದ ಮೇಲೆ. ನಿಮ್ಮನೇಲಿ ಯಾರಾದ್ರೂ ಕಿರ್ಲೋಸ್ಕರಲ್ಲಿ ಕೆಲಸ ಮಾಡಿದ್ರೆ, ಹಳೇ ಗೇಟ್ ಪಾಸು, ಯೂನಿಫಾರ್ಮ್ ಫೋಟೋ ಇದ್ರೆ ಡಿಎಂ ಮಾಡಿ. ನಮ್ಮಜ್ಜನ ವರ್ನಿಯರ್ ಕ್ಯಾಲಿಪರ್ ಟ್ರಂಕಲ್ಲಿ ಸಿಕ್ಕಿದೆ, ಅದನ್ನ ಮೊದಲು ಹಾಕ್ತೀನಿ.