ಪಹಣಿಯಲ್ಲಿ ಹೆಸರಿಲ್ಲದವರು: ಪಾವಗಡ ಸೌರ ಪಾರ್ಕ್ ಮತ್ತು ಗುತ್ತಿಗೆಯ ನ್ಯಾಯ

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಊರುಗಳಲ್ಲಿ, ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹಬ್ಬಿದೆ. ರೈತರು ಜಮೀನು ಮಾರಲಿಲ್ಲ, ಸರ್ಕಾರ ಸ್ವಾಧೀನಪಡಿಸಿಕೊಳ್ಳಲೂ ಇಲ್ಲ. 28 ವರ್ಷದ ಗುತ್ತಿಗೆ ಆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಬಿತ್ತಿದ ಕಡಲೆಕಾಯಿಯ ಬೀಜದ ಹಣವೂ ಕೈಗೆ ಬಾರದ ಬರದ ಸೀಮೆಯಲ್ಲಿ ಇದು ಕಡಿಮೆಯೇನಲ್ಲ. ಇದನ್ನು ಸಾರಾಸಗಟಾಗಿ ಭೂಕಬಳಿಕೆ ಎನ್ನುವವರ ಮಾತನ್ನು ಹಾಗಾಗಿ ನಾನು ಒಪ್ಪಲಾರೆ. (ಏರಿಕೆಯ ದರ ಬೆಲೆಯೇರಿಕೆಗೆ ಸರಿದೂಗದೆಂಬುದು ಬೇರೆ ತಕರಾರು: ಹತ್ತು ವರ್ಷ ಕಳೆದರೂ ಬಾಡಿಗೆ ಸುಮಾರು 26,800 ರೂಪಾಯಿಗೆ ಮುಟ್ಟುತ್ತದೆ, ಅಷ್ಟೆ.)

ತೊಡಕು ಇರುವುದು ಗುತ್ತಿಗೆ ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡಿತು ಎಂಬಲ್ಲಿ. ಖುಷ್ಕಿ ಹೊಲವೊಂದಕ್ಕೆ ಒಡೆಯ ಒಬ್ಬನಾದರೂ ಅದನ್ನು ನೆಚ್ಚಿದವರು ಹಲವರು. ಕಳೆ ತೆಗೆಯಲು, ಗಿಡ ಕೀಳಲು, ಕಾಯಿ ಬಿಡಿಸಲು ಕೂಲಿ ಹೆಂಗಸರು ಬರುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಬಯಲಾದ ಹೊಲಕ್ಕೆ ಕುರಿಯವರು ಮಂದೆ ಬಿಡುತ್ತಿದ್ದರು. ಒಡೆಯನಿಗೆ ಗೊಬ್ಬರ, ಕುರಿಗೆ ಮೇವು. ಗೋಮಾಳದಲ್ಲಿ ಉತ್ತವರಿಗೆ, ಬಗರ್ ಹುಕುಂ ಅರ್ಜಿ ಹಾಕಿ ಕಾದವರಿಗೆ, ಉಳುಮೆಯೇ ದಾಖಲೆಯಾಗಿತ್ತು. ಇವರಾರ ಹೆಸರೂ ಪಹಣಿಯಲ್ಲಿಲ್ಲ, ಬಾಡಿಗೆಯಲ್ಲಿ ಪಾಲೂ ಇಲ್ಲ. ಬೇಲಿ ಬಿದ್ದ ಮೇಲೆ ಕೂಲಿಯವರಿಗೆ ಉಳಿದದ್ದು ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ. ಅದೂ ಗುತ್ತಿಗೆದಾರರ ಕೈಕೆಳಗೆ, ಎಲ್ಲರಿಗೂ ಸಾಲದಷ್ಟು.

ಕಾನೂನು ಇವರನ್ನು ಕಂಡೇ ಇಲ್ಲ ಎನ್ನುವಂತಿಲ್ಲ. 2013ರ ಭೂಸ್ವಾಧೀನ ಕಾಯ್ದೆ ‘ಬಾಧಿತ ಕುಟುಂಬ’ದ ವ್ಯಾಖ್ಯೆಯಲ್ಲಿ ಜಮೀನಿಲ್ಲದ ಕೃಷಿ ಕೂಲಿಯವರನ್ನೂ ಗೇಣಿದಾರರನ್ನೂ ಸೇರಿಸುತ್ತದೆ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅದೇ ಅವರ ಮುಖ್ಯ ಜೀವನೋಪಾಯವಾಗಿದ್ದರೆ ಸಾಕು. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಅದು ಕೇಳುತ್ತದೆ. ಆದರೆ ಪಾವಗಡದಲ್ಲಿ ಸ್ವಾಧೀನವೇ ಆಗಿಲ್ಲವಲ್ಲ! ಸೌರ ಫಲಕದ ಯೋಜನೆಗಳಿಗೆ 2006ರ ಪರಿಸರ ಅಧಿಸೂಚನೆಯ ಪೂರ್ವಾನುಮತಿಯೂ ಬೇಕಿಲ್ಲವಾದ್ದರಿಂದ ಅದರಡಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಒಡೆಯನನ್ನು ಕಾಪಾಡಿದ ಗುತ್ತಿಗೆಯೇ ಉಳಿದವರನ್ನು ಕಾನೂನಿನ ಆಸರೆಯಿಂದ ಹೊರಗಿಟ್ಟಿತು.

ಸಮುದಾಯವೇ ಮುಂದೆ ನಿಂತ ಪ್ರಯೋಗಗಳು ಇಲ್ಲವೆಂದಲ್ಲ. ಗುಜರಾತಿನ ಧುಂಡಿಯಲ್ಲಿ ಆರು ರೈತರಿಂದ ಶುರುವಾದ ಸಹಕಾರಿ ಸಂಘ, ನೀರೆತ್ತಿ ಮಿಕ್ಕ ಸೌರ ವಿದ್ಯುತ್ತನ್ನು ವಿದ್ಯುತ್ ವಿತರಣಾ ಕಂಪನಿಗೆ ಮಾರಿತು. ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ‘ಸೂರ್ಯ ರೈತ’ ಯೋಜನೆಯ ಹಾದಿಯೂ ಅದೇ. ಇವೆರಡನ್ನೂ ಮೆಚ್ಚುತ್ತಲೇ ಒಂದು ಮಾತು ಹೇಳಬೇಕು: ಅಲ್ಲಿಯೂ ಸದಸ್ಯತ್ವದ ಅರ್ಹತೆ ಪಂಪ್‌ಸೆಟ್. ಅಂದರೆ ಜಮೀನು, ಅದರಲ್ಲೂ ನೀರಿರುವ ಜಮೀನು. ಸಹಕಾರ ಎಂದ ಮಾತ್ರಕ್ಕೆ ಕೂಲಿಯವಳು ಒಳಗೆ ಬರುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಗುತ್ತಿಗೆಗೆ ಸಹಿ ಬೀಳುವ ಮುಂಚೆಯೇ ಗ್ರಾಮಸಭೆ 2013ರ ಕಾಯ್ದೆಯ ವ್ಯಾಖ್ಯೆಯಂತೆ ಬಾಧಿತರ ಪಟ್ಟಿ ಮಾಡಬೇಕು. ಮಂದೆಯ ದಾರಿಯನ್ನು ನಕ್ಷೆಯಲ್ಲಿ ಗುರುತಿಸಬೇಕು. ಮಾರಾಟವಾದ ಪ್ರತಿ ಯೂನಿಟ್ಟಿನಿಂದ ಒಂದು ಪಾಲು ಆ ಪಟ್ಟಿಯಲ್ಲಿರುವವರ ಖಾತೆಗೆ ನೇರ ಹೋಗಬೇಕು. ಊರಿಗೆ ರಸ್ತೆ, ಶಾಲೆಯ ಕೊಠಡಿ ಕಟ್ಟಿಸಿಕೊಟ್ಟರೆ ಈ ಬಾಕಿ ತೀರುವುದಿಲ್ಲ. ಹೊಸ ಒಪ್ಪಂದಗಳಲ್ಲಿ ಇದನ್ನು ಸೇರಿಸಲು ಕಾಯ್ದೆಯ ತಿದ್ದುಪಡಿ ಬೇಕಾಗಿಲ್ಲ. ಗುತ್ತಿಗೆ ಪತ್ರದಲ್ಲಿ ಒಂದು ಷರತ್ತು ಬರೆದರಾಯಿತು.