ಗೋಧಿ ಹೋಗಿ ಬಾರ್ಲಿ ಉಳಿಯಿತು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಕೇಳಿಕೊಂಡೇ ಬೆಳೆದವರು ನಾವು. ಅದೇ ಉಪ್ಪು ಅಡುಗೆಮನೆ ಬಿಟ್ಟು ಹೊಲ ಸೇರಿದರೆ ಏನಾಗುತ್ತದೆ ಎಂದು ಪೇಟೆಯಲ್ಲಿರುವ ನಾವು ಯೋಚಿಸುವುದು ಕಡಿಮೆ. ನನಗೆ ಈ ಯೋಚನೆ ಹತ್ತಿದ್ದು ಸುಮೇರಿನ ಚರಿತ್ರೆ ಓದುವಾಗ. ಅಲ್ಲಿನ ರಾಜರ ಯುದ್ಧಗಳಿಗಿಂತ, ಒಂದು ಇಡೀ ನಾಡಿನ ಹೊಲಗಳಿಂದ ಗೋಧಿ ಮರೆಯಾಯಿತೆಂಬ ಸಂಗತಿ ನನ್ನನ್ನು ಹೆಚ್ಚು ಕಾಡಿತು.

ಸುಮೇರ್ ಇದ್ದದ್ದು ಇಂದಿನ ಇರಾಕಿನ ದಕ್ಷಿಣ ಭಾಗದಲ್ಲಿ, ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳು ತಂದು ಹಾಸಿದ ಮಣ್ಣಿನ ಮೇಲೆ. ಅಲ್ಲಿ ಮಳೆ ತೀರ ಕಡಿಮೆ, ಕಾಲುವೆಯಿಲ್ಲದೆ ಬೆಳೆಯಿಲ್ಲ. ಥಾರ್ಕಿಲ್ಡ್ ಜಾಕಬ್‌ಸನ್ ಮತ್ತು ರಾಬರ್ಟ್ ಆಡಮ್ಸ್ ಎಂಬ ಇಬ್ಬರು ವಿದ್ವಾಂಸರು 1958ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಈ ನೆಲದ ಕಥೆಯನ್ನು ಬರೆದರು. ಅವರಿಗೆ ಸಾಕ್ಷಿ ಹೇಳಿದವು ಮಡಕೆಗಳು ಮತ್ತು ಮಣ್ಣಿನ ಹಲಗೆಗಳು. ಮಡಕೆ ಹಸಿಯಿದ್ದಾಗ ಅಂಟಿಕೊಂಡ ಕಾಳುಗಳ ಅಚ್ಚನ್ನು ಎಣಿಸಿದರೆ, ಕ್ರಿ.ಪೂ. 3500ರ ಸುಮಾರಿಗೆ ಗೋಧಿಯೂ ಬಾರ್ಲಿಯೂ ಹೆಚ್ಚುಕಡಿಮೆ ಸಮಸಮ. ಸಾವಿರ ವರ್ಷ ಕಳೆಯುವಷ್ಟರಲ್ಲಿ ಗೋಧಿ ಆರರಲ್ಲಿ ಒಂದು ಪಾಲಿಗೆ ಇಳಿದಿತ್ತು. ಕ್ರಿ.ಪೂ. 2100ರ ಹೊತ್ತಿಗೆ ಗಿರ್ಸು ಎಂಬ ಊರಿನ ಲೆಕ್ಕದಲ್ಲಿ ಅದು ನೂರಕ್ಕೆ ಎರಡರಷ್ಟೂ ಇರಲಿಲ್ಲ. ಕ್ರಿ.ಪೂ. 1700ರ ವೇಳೆಗೆ ದಕ್ಷಿಣದಲ್ಲಿ ಗೋಧಿ ಬಿತ್ತುವುದೇ ನಿಂತಂತೆ ಕಾಣುತ್ತದೆ.

ಉಪ್ಪು ಬಂದದ್ದೆಲ್ಲಿಂದ? ನದಿಯ ಸಿಹಿನೀರಿನಿಂದಲೇ. ಹಂಡೆಯಲ್ಲಿ ದಿನವೂ ನೀರು ಕಾಯಿಸಿದರೆ ತಳದಲ್ಲಿ ಬಿಳಿಯ ಪದರ ಕಟ್ಟುತ್ತದಲ್ಲ, ಹಾಗೆಯೇ ಹೊಲಕ್ಕೆ ಹರಿಸಿದ ನೀರನ್ನು ಬಿಸಿಲು ಒಯ್ಯುತ್ತದೆ, ನೀರಿನಲ್ಲಿ ಕರಗಿದ್ದ ಲವಣ ಮಣ್ಣಿನಲ್ಲೇ ಉಳಿಯುತ್ತದೆ. ನೀರು ಹೆಚ್ಚಾಗಿ, ಬಸಿದುಹೋಗಲು ದಾರಿಯಿಲ್ಲದಿದ್ದರೆ ಅಂತರ್ಜಲ ಮೇಲೇರುತ್ತದೆ, ತಳದ ಉಪ್ಪನ್ನೂ ಜೊತೆಗೆ ತರುತ್ತದೆ. ಗಿರ್ಸುವಿನ ಸುತ್ತ ಆದದ್ದು ಇದೇ ಎಂಬುದು ಆ ವಿದ್ವಾಂಸರ ವಾದ. ನೆರೆಯ ಉಮ್ಮಾ ರಾಜ್ಯದೊಡನೆ ನೀರಿನ ಜಗಳವಾಗಿ, ಎಂಟೆಮೆನ ಎಂಬ ದೊರೆ ಟೈಗ್ರಿಸ್‌ನಿಂದಲೇ ಕಾಲುವೆ ತೋಡಿಸಿದ. ನೀರು ಧಾರಾಳವಾಯಿತು, ಅದರ ಹಿಂದೆಯೇ ಸವಳೂ ಬಂದಿತು.

ಉಪ್ಪು ಪೈರನ್ನು ಹೇಗೆ ಕೊಲ್ಲುತ್ತದೆಂದು ತಿಳಿಯಲು ಉಪ್ಪಿನಕಾಯಿಯ ಭರಣಿ ಸಾಕು. ಹೆಚ್ಚಿದ ಮಾವಿನಕಾಯಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಹೋಳುಗಳು ನೀರು ಬಿಟ್ಟು ಮುದುಡಿರುತ್ತವೆ. ಮಣ್ಣಿನಲ್ಲಿ ಉಪ್ಪು ಹೆಚ್ಚಾದಾಗ ಬೇರಿನ ಪಾಡೂ ಇದೇ. ಸುತ್ತ ನೀರಿದ್ದರೂ ಕುಡಿಯಲಾಗದು. ಜೊತೆಗೆ ಸೋಡಿಯಂ ಒಳನುಗ್ಗಿ ಎಲೆಯನ್ನು ಸುಡುತ್ತದೆ. ಇದನ್ನು ಎದುರಿಸಲು ಒಂದೊಂದು ಧಾನ್ಯದ್ದು ಒಂದೊಂದು ಉಪಾಯ. ಚಪಾತಿಗೆ ಬಳಸುವ ಗೋಧಿ ಸೋಡಿಯಂ ಎಲೆಗೇರದಂತೆ ಬಹುಮಟ್ಟಿಗೆ ಬೇರಿನಲ್ಲೇ ತಡೆಯುತ್ತದೆ. ಬಾರ್ಲಿ ಅದನ್ನು ಒಳಗೆ ಬಿಟ್ಟುಕೊಂಡರೂ, ಜೀವಕೋಶದೊಳಗಿನ ಪುಟ್ಟ ಚೀಲಗಳಲ್ಲಿ ಕೂಡಿಟ್ಟು, ಉಳಿದ ಭಾಗಕ್ಕೆ ತಾಗದಂತೆ ನೋಡಿಕೊಳ್ಳುತ್ತದೆ. ಸುಮೇರಿನವರು ಬೆಳೆಯುತ್ತಿದ್ದ ಗೋಧಿ ಹೆಚ್ಚಾಗಿ ಎಮ್ಮರ್, ಅಂದರೆ ಧಾರವಾಡ, ಬೆಳಗಾವಿ ಕಡೆ ಹುಗ್ಗಿ ಮಾಡುವ ಸದಕ ಗೋಧಿಯ ಜಾತಿಯದು. ಚಪಾತಿ ಗೋಧಿಯಲ್ಲಿ ಸೋಡಿಯಂ ತಡೆಯುವ ಮುಖ್ಯ ಜೀನ್ ಇರುವ ವರ್ಣತಂತುಗಳ ಗುಂಪೇ ಈ ಗೋಧಿಯಲ್ಲಿಲ್ಲ. ಆ ನೆಲದಲ್ಲಿ ಅದು ಬಾರ್ಲಿಗೆ ಸೋತದ್ದು ಸಹಜ.

ಈಗಿನ ತಳಿಗಳ ಅಳತೆಯೂ ಇದೆ. ಮಣ್ಣಿನ ಉಪ್ಪನ್ನು ಅದರ ನೀರಿನಲ್ಲಿ ವಿದ್ಯುತ್ ಹರಿಯುವ ಪ್ರಮಾಣದಿಂದ ಅಳೆಯುತ್ತಾರೆ. ಆ ಮಾನದಲ್ಲಿ ಭತ್ತದ ಇಳುವರಿ 3 ದಾಟಿದರೆ ಇಳಿಯತೊಡಗುತ್ತದೆ, ಗೋಧಿಯದು 6 ದಾಟಿದರೆ, ಜೋಳದ್ದು 6.8 ದಾಟಿದರೆ, ಬಾರ್ಲಿ 8ರವರೆಗೂ ಜಗ್ಗುವುದಿಲ್ಲ. 10ಕ್ಕೆ ಮುಟ್ಟಿದಾಗ ಬಾರ್ಲಿ ಹತ್ತರಲ್ಲಿ ಒಂದು ಪಾಲು ಕಳೆದುಕೊಂಡರೆ, ಗೋಧಿ ಕಾಲುಭಾಗಕ್ಕೂ ಮಿಕ್ಕಿ ಕಳೆದುಕೊಳ್ಳುತ್ತದೆ.

ಹಾಗಾದರೆ ಬಾರ್ಲಿ ಸುಮೇರನ್ನು ಉಳಿಸಿತೇ? ಕೆಲವು ಶತಮಾನ ಉಳಿಸಿತು. ಅದರಿಂದಲೇ ರೊಟ್ಟಿ, ಅದರಿಂದಲೇ ಬಿಯರು, ಕೂಲಿಯೂ ಅದರಲ್ಲೇ. ನೇಯ್ಗೆಯ ಶಾಲೆಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಹೆಂಗಸರ ಲೆಕ್ಕ ಆ ಹಲಗೆಗಳಲ್ಲಿದೆ. ಗಂಡಾಳಿಗೆ ತಿಂಗಳಿಗೆ ಸಾಮಾನ್ಯವಾಗಿ 60 ಲೀಟರು ಬಾರ್ಲಿ ಸಿಕ್ಕರೆ, ಹೆಣ್ಣಾಳಿಗೆ ಸಿಗುತ್ತಿದ್ದುದು 30ರಿಂದ 40. ಆದರೆ ಬಾರ್ಲಿಯ ತಾಳ್ಮೆಗೂ ಮಿತಿಯಿತ್ತು. ಜಾಕಬ್‌ಸನ್ ಮತ್ತು ಆಡಮ್ಸ್ ಕೊಡುವ ಲೆಕ್ಕದಂತೆ ಕ್ರಿ.ಪೂ. 2400ರಲ್ಲಿ ಹೆಕ್ಟೇರಿಗೆ 2537 ಲೀಟರಿದ್ದ ಇಳುವರಿ 2100ಕ್ಕೆ 1460ಕ್ಕೂ, 1700ರಲ್ಲಿ ಲಾರ್ಸಾ ಊರಿನಲ್ಲಿ 897ಕ್ಕೂ ಇಳಿಯಿತು. ಕಣಜ ಅರ್ಧವಾದಾಗ, ಮೊದಲೇ ಅರ್ಧ ಪಡಿ ಪಡೆಯುತ್ತಿದ್ದವಳ ಗತಿಯೇನು? ಹಲಗೆಗಳಲ್ಲಿ ಅಂಕಿಗಳಿವೆ, ಅವಳ ಮಾತಿಲ್ಲ.

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಮಾರ್ವಿನ್ ಪೊವೆಲ್ 1985ರಲ್ಲಿ ಈ ಲೆಕ್ಕಗಳನ್ನು ಪ್ರಶ್ನಿಸಿದರು. ಒಂದು ವರ್ಷ ಹೊಲವನ್ನು ಬೀಳುಬಿಟ್ಟು ಉಪ್ಪನ್ನು ಹತೋಟಿಯಲ್ಲಿಡುವುದು ಆ ರೈತರಿಗೆ ಗೊತ್ತಿತ್ತೆಂದು ತೋರಿಸಿದರು. ನನಗೆ ಇದು ಕಥೆಯನ್ನು ಅಳಿಸುವ ಮಾತೆನಿಸುವುದಿಲ್ಲ. ಬೀಳು ಹೊಲದಲ್ಲಿ ಆಳಕ್ಕೆ ಬೇರಿಳಿಸುವ ಮುಳ್ಳುಗಿಡಗಳು ಬೆಳೆದು ತಳದ ನೀರನ್ನು ಹೀರುತ್ತಿದ್ದವು, ನೆಲ ಒಣಗುತ್ತಿತ್ತು. ನೆಲಕ್ಕೆ ಆ ಬಿಡುವು ಸಿಕ್ಕಷ್ಟು ಕಾಲ ಬಾಳು ನಡೆಯಿತು.

ನಮ್ಮ ನಾಡಿನಲ್ಲೂ ಇದರ ಎರಡು ಮುಖಗಳನ್ನು ಕಾಣಬಹುದು. ಕುಮಟಾ ಬಳಿ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತವಿದೆ. ಭತ್ತದ ಜಾತಿಯಲ್ಲೇ ಉಪ್ಪು ತಾಳುವ ತಳಿ. ಅಲ್ಲಿ ಮುಂಗಾರು ಮಳೆ ಪ್ರತಿವರ್ಷ ಬಂದು ಉಪ್ಪನ್ನು ತೊಳೆಯುತ್ತದೆ, ಆದ್ದರಿಂದ ಕಗ್ಗ ತಲೆಮಾರುಗಳಿಂದ ಬಾಳಿದೆ. ಇನ್ನೊಂದು ಮುಖ ತುಂಗಭದ್ರೆಯ ಬಯಲಿನದು. 1953ರಲ್ಲಿ ಕಾಲುವೆಗೆ ನೀರು ಬಂದಾಗ ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳೇ ಹೆಚ್ಚಿರಬೇಕೆಂಬ ಯೋಜನೆಯಿತ್ತು. ಗಂಗಾವತಿ, ಸಿಂಧನೂರು ಸೀಮೆಯ ಕಪ್ಪು ಮಣ್ಣಿನಲ್ಲಿ ಭತ್ತ ಹಬ್ಬಿತು. ನಿಂತ ನೀರು ಉಪ್ಪನ್ನು ಕೆಳಕ್ಕೆ ತಳ್ಳುವುದರಿಂದ ಸೂಕ್ಷ್ಮವಾದ ಭತ್ತವೂ ಬೆಳೆಯಿತು, ಆದರೆ ತಗ್ಗಿನ ಹೊಲಗಳು ಸವಳು ಜವಳಾದವು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ತಾಳುವ ತಳಿಗಳ ಜೊತೆಗೆ ಬಸಿಗಾಲುವೆಯನ್ನೂ ಹೇಳುತ್ತಾ ಬಂದಿದ್ದಾರೆ.

ಸಹಿಸುವ ಗುಣವನ್ನು ಹೊಗಳುವುದು ನಮಗೆ ಅಭ್ಯಾಸ, ಹೆಣ್ಣಿನಲ್ಲಾಗಲಿ ಪೈರಿನಲ್ಲಾಗಲಿ. ಸುಮೇರಿನ ಬಾರ್ಲಿ ಹೇಳುವುದು ಬೇರೆಯೇ. ಸಹಿಸುವುದರಿಂದ ಕಾಲಾವಕಾಶ ಸಿಗುತ್ತದೆ, ರೋಗ ವಾಸಿಯಾಗುವುದಿಲ್ಲ. ಸಿಕ್ಕ ಕಾಲದಲ್ಲಿ ಉಪ್ಪು ಹೊರಗೆ ಹೋಗಲು ಒಂದು ದಾರಿ ತೋಡಬೇಕು.