ಕಾವಲಿನ ಬಯಲು ಮತ್ತು ನಿಸ್ತಂತು ಕೊಂಡಿ

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಮ್ಯಾಸನಾಯಕರ ಕಟ್ಟೆಮನೆಗಳಲ್ಲಿ ಒಂದು, ಅಂದರೆ ಬುಡಕಟ್ಟಿನ ನ್ಯಾಯವನ್ನೂ ಆಚರಣೆಗಳನ್ನೂ ತೀರ್ಮಾನಿಸುವ ಪೀಠವೆಂದು ಹೆಸರಾದ ಊರು. ದೇವರ ಎತ್ತುಗಳನ್ನು ಸಾಕುವ ಈ ಸೀಮೆಯ ಹುಲ್ಲುಬಯಲುಗಳಲ್ಲಿ ಹಲವು, ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಆರಂಭವಾಗಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ದನಗಳ ಇಲಾಖೆಯ ಕಾವಲುಗಳಾಗಿದ್ದವು. ಮೇವಿಗೆಂದು ಮೀಸಲಾಗಿದ್ದುದರಿಂದ ಉಳುಮೆಯಿಂದಲೂ ಕಟ್ಟಡಗಳಿಂದಲೂ ಬಹುಕಾಲ ದೂರ ಉಳಿದಿದ್ದ ಈ ಬಯಲೇ ಇಪ್ಪತ್ತೊಂದನೆಯ ಶತಮಾನದಲ್ಲಿ ರೇಡಿಯೊ ಅಲೆಗಳಿಂದ ನಡೆಯುವ ವಿಮಾನಗಳ ಪರೀಕ್ಷಾ ನೆಲವಾಯಿತು.

ಅಂಥ ವಿಮಾನಗಳು ನೆಚ್ಚುವ ನಿಸ್ತಂತು ಕೊಂಡಿಯ ಮೂಲ ಸಮಸ್ಯೆ ಮೌನವನ್ನು ಅರ್ಥೈಸುವುದು. ಕಳುಹಿಸಿದ ಸಂದೇಶ ತಲುಪಿತೆಂದು ತಿಳಿಸಲು ಎದುರಿನ ರೇಡಿಯೊ ಒಂದು ಕಿರುಸಂದೇಶವನ್ನು ಹಿಂದಿರುಗಿಸುತ್ತದೆ. ಇದನ್ನು ಸ್ವೀಕೃತಿ ಎನ್ನಬಹುದು. ಸ್ವೀಕೃತಿ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕು, ಆಮೇಲೆ ಎಷ್ಟು ಬಾರಿ ಮತ್ತೆ ಕಳುಹಿಸಬೇಕು, ಕೊಂಡಿ ಕಡಿದಿದೆಯೆಂದು ಯಾವಾಗ ಒಪ್ಪಿಕೊಳ್ಳಬೇಕು ಎಂಬುದನ್ನು ಮೊದಲೇ ನಿಗದಿಪಡಿಸಿರಬೇಕಾಗುತ್ತದೆ. ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ಹವಾಯಿ ವಿಶ್ವವಿದ್ಯಾಲಯದಲ್ಲಿ ರೂಪಿಸಿ 1971ರಲ್ಲಿ ನಡೆಸತೊಡಗಿದ ಅಲೋಹಾನೆಟ್, ಸ್ವೀಕೃತಿ ಬಾರದ ಕೇಂದ್ರವು ಲೆಕ್ಕಕ್ಕೆ ಸಿಗದಷ್ಟು ಯಾದೃಚ್ಛಿಕವಾದ ಬಿಡುವು ಕೊಟ್ಟು ಮರಳಿ ಪ್ರಯತ್ನಿಸುವ ಪದ್ಧತಿಯನ್ನು ತಂದಿತು. ಸಂದೇಶಗಳು ಡಿಕ್ಕಿಯಾದ ಎರಡು ಕೇಂದ್ರಗಳೂ ಒಂದೇ ಹೊತ್ತು ಕಾದು ಒಟ್ಟಿಗೆ ಮಾತಾಡಿದರೆ ಅಲೆಗಳು ಮತ್ತೆ ಡಿಕ್ಕಿಯಾಗುತ್ತವೆ ಎಂಬುದೇ ಆ ಯಾದೃಚ್ಛಿಕತೆಗೆ ಕಾರಣ. 1997ರಲ್ಲಿ ಪ್ರಕಟವಾದ ವೈಫೈ ಮಾನಕದಲ್ಲಿಯೂ ಇದೇ ತತ್ವ ಮುಂದುವರಿಯಿತು.

ಕಾಯುವ ಅವಧಿಯನ್ನು ದೂರವೇ ನಿರ್ಧರಿಸುತ್ತದೆ. ರೇಡಿಯೊ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗದಲ್ಲಿ, ಸುಮಾರು 300 ಮೀಟರ್ ಸಾಗುವುದರಿಂದ, 30 ಕಿಲೋಮೀಟರ್ ದೂರದ ಕೊಂಡಿಯಲ್ಲಿ ಹೋಗಿಬರುವುದಕ್ಕೇ 200 ಮೈಕ್ರೋಸೆಕೆಂಡು ಬೇಕು. ಮನೆಯೊಳಗಿನ ಬಳಕೆಗೆಂದು ಹೊಂದಿಸಿದ ವೈಫೈ ರೇಡಿಯೊವನ್ನು ಅಷ್ಟು ದೂರದ ಕಂಬಕ್ಕೆ ಹಾಗೆಯೇ ಏರಿಸಿದರೆ, ಸ್ವೀಕೃತಿ ದಾರಿಯಲ್ಲಿರುವಾಗಲೇ ಅದು ಸೋತೆನೆಂದು ಭಾವಿಸಿ ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸಿ ಕೊಂಡಿಯನ್ನು ತಾನೇ ಹಾಳುಮಾಡುತ್ತದೆ. ಅವಧಿಯನ್ನು ಅತಿಯಾಗಿ ಹಿಗ್ಗಿಸಿದರೂ ನಷ್ಟವೇ, ಏಕೆಂದರೆ ನಿಜವಾಗಿ ಕಳೆದುಹೋದ ಪ್ರತಿಯೊಂದು ಸಂದೇಶಕ್ಕೂ ವ್ಯರ್ಥ ಕಾಯುವಿಕೆ ಸೇರಿಕೊಳ್ಳುತ್ತದೆ.

ಇದೇ ಪ್ರಶ್ನೆ ಹಾರುವ ಯಂತ್ರಕ್ಕೆ ಬಂದಾಗ ಅದರ ಅಳಿವು ಉಳಿವಿನ ಪ್ರಶ್ನೆಯಾಗುತ್ತದೆ. ಡಿಆರ್‌ಡಿಒ ಸಂಸ್ಥೆಯು ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಸ್ಥಾಪಿಸಿದ ವೈಮಾನಿಕ ಪರೀಕ್ಷಾ ವಲಯದಿಂದ 2016ರ ನವೆಂಬರಿನಲ್ಲಿ ಚಾಲಕರಹಿತ ರುಸ್ತುಂ-2 ಮೊದಲ ಬಾರಿ ಹಾರಿತು. 2017ರ ಮೇ ತಿಂಗಳಲ್ಲಿ ವಲಯದ ಉದ್ಘಾಟನೆಯಾಯಿತು. ಇಂಥ ವಿಮಾನಕ್ಕೆ ನೆಲದ ಕೇಂದ್ರದಿಂದ ಆಜ್ಞೆಗಳು ಸತತವಾಗಿ ಹೋಗುತ್ತಿರಬೇಕು. ನಿಗದಿತ ಹೊತ್ತಿನೊಳಗೆ ಏನೂ ಕೇಳಿಸದಿದ್ದರೆ ಸುತ್ತು ಹಾಕುತ್ತ ಕಾಯುವುದೋ ಮೊದಲೇ ತುಂಬಿದ ದಾರಿಯಲ್ಲಿ ಹಿಂದಿರುಗುವುದೋ ಎಂಬುದನ್ನು ಹಾರುವ ಮುನ್ನವೇ ಹೊಂದಿಸಿಡುವುದು ಈ ವಿದ್ಯೆಯ ಸಾಮಾನ್ಯ ರೂಢಿ.

ನಿಯಂತ್ರಣವನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಒಪ್ಪಿಸುವ ಗಳಿಗೆ ಇನ್ನೂ ಸೂಕ್ಷ್ಮವಾದುದು. 2023ರ ಜೂನ್ 16ರಂದು, ತಪಸ್ ಎಂದು ಹೆಸರು ಬದಲಾಗಿದ್ದ ಇದೇ ವಿಮಾನ, ಕಾರವಾರದ ನೌಕಾನೆಲೆಯಿಂದ 285 ಕಿಲೋಮೀಟರ್ ದೂರದಲ್ಲಿರುವ ಈ ವಲಯದಿಂದ ಮೇಲೇರಿತು. 20,000 ಅಡಿ ಎತ್ತರದಲ್ಲಿ ಮೂರೂವರೆ ಗಂಟೆ ನಡೆದ ಹಾರಾಟದಲ್ಲಿ 40 ನಿಮಿಷ ಅದರ ನಿಯಂತ್ರಣ, ಕಾರವಾರದಿಂದ 148 ಕಿಲೋಮೀಟರ್ ದೂರದ ಸಮುದ್ರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗಿನ ಕೈಯಲ್ಲಿತ್ತು. ಬಳಿಕ ವಿಮಾನ ಹೊರಟ ಓಡುದಾರಿಗೇ ಮರಳಿತು. ಅದೇ ವರ್ಷದ ಏಪ್ರಿಲ್ 2ರಂದು ಇಸ್ರೊ ಇಲ್ಲಿಯೇ ಮೌನದ ಸಮಸ್ಯೆಗೆ ಮತ್ತೊಂದು ಉತ್ತರವನ್ನು ಪರೀಕ್ಷಿಸಿತ್ತು: ಚಿನೂಕ್ ಹೆಲಿಕಾಪ್ಟರ್ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟ ಮರುಬಳಕೆಯ ಉಡಾವಣಾ ವಾಹನವು ನೆಲದ ಆಜ್ಞೆಗೆ ಕಾಯದೆ, ತನ್ನೊಳಗಿನ ಗಣಕದ ನಿರ್ಣಯದಂತೆ ತಾನೇ ಇಳಿಯಿತು.

ಈ ಚರಿತ್ರೆಗೆ ಇನ್ನೊಂದು ಮಗ್ಗುಲೂ ಇದೆ. ಕಾವಲುಗಳ ಹಸ್ತಾಂತರದಿಂದ ಮೇವಿನ ನೆಲ ಬೇಲಿಯೊಳಗೆ ಸೇರಿತು. ದನ, ಕುರಿ ಮೇಯಿಸುವವರ ಆಕ್ಷೇಪಗಳ ನಡುವೆ ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ನಿಸ್ತಂತು ವಿದ್ಯೆಗೆ ತೆರೆದ ಬಯಲು ದೊರೆತದ್ದು, ಅದನ್ನು ತಲೆಮಾರುಗಳಿಂದ ಹುಲ್ಲುಗಾವಲಾಗಿಯೇ ಬಳಸಿದವರಿಂದ. ಆದ್ದರಿಂದ ಚಳ್ಳಕೆರೆಯ ತಂತ್ರಜ್ಞಾನದ ಇತಿಹಾಸವನ್ನು ಬರೆಯುವವರು ಕಾವಲಿನ ಇತಿಹಾಸವನ್ನು ಬಿಟ್ಟು ಬರೆಯಲಾಗದು.